ಹೂಂಗುಡುವ ಪೆಟ್ಟಿಗೆ

ಚನ್ನವೀರ ಮಹಡಿಯ ಕೋಣೆಯ ಬಾಗಿಲಿನ ಒಳಬದಿಗೆ ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತೂಗುಹಾಕಿ, ಹೆಂಡತಿ ನೀಲಗಂಗಾಳನ್ನೂ ತಾಯಿ ಬಸಲಿಂಗವ್ವನನ್ನೂ ಕರೆದು ಎದೆಯುಬ್ಬಿಸಿ ತೋರಿಸಿದ. ಬಹಳ ದಿನದಿಂದ ಅವನೊಂದು ವಿಡಿಯೋ ಗೇಮು ಕಟ್ಟುತ್ತಿದ್ದ. ಅದರಲ್ಲಿ ಶಿಲ್ಪಿಯೊಬ್ಬ ಮೂರ್ತಿ ಕಡೆಯುತ್ತಿರುತ್ತಾನೆ, ಹೆಂಡತಿ ಒಳಗಿನಿಂದ ಊಟಕ್ಕೆ ಕರೆಯುತ್ತಾಳೆ. ಏಳಬೇಕೋ, ಇನ್ನೊಂದು ಏಟು ಹೊಡೆಯಬೇಕೋ, ಆಡುವವರೇ ಆರಿಸಬೇಕು. ಆ ಹೆಂಡತಿಯ ಮಾತಿಗೆ ಜೀವ ಬರಲೆಂದು ಪೆಟ್ಟಿಗೆ ಈ ಮನೆಯ ಮಾತನ್ನೆಲ್ಲ ಹಿಡಿದು ಗೇಮಿಗೆ ತುಂಬುತ್ತದಂತೆ. ಅದನ್ನು ಕಟ್ಟುವ ಭರದಲ್ಲಿ ಚನ್ನವೀರ ತಾನು ಊಟಕ್ಕೆ ಏಳುತ್ತಿದ್ದುದೇ ಅಪರೂಪ, ಅದು ಬೇರೆ ಮಾತು!

ನೀಲಗಂಗಾಳಿಗೆ ಅನುಮಾನ ಹುಟ್ಟಿದ್ದು ಮಾರನೆಯ ದಿನ. ಮುಚ್ಚಿದ ಬಾಗಿಲಾಚೆ ನಿಂತು ಅವಳು ಏನೇ ಹೇಳಿದರೂ ಒಳಗಿನಿಂದ ಸರಿಯಾದ ಜಾಗದಲ್ಲಿ "ಹೂಂ" ಎಂದು ಉತ್ತರ ಬರುತ್ತಿತ್ತು. ಸಾಲದ್ದಕ್ಕೆ, "ಆಮ್ಯಾಲ?" ಎಂಬ ಪ್ರಶ್ನೆ! ಮದುವೆಯಾದಾಗಿನಿಂದ ಈ ಮನುಷ್ಯ ಒಮ್ಮೆಯೂ ಆಮೇಲೆ ಏನಾಯಿತೆಂದು ಕೇಳಿದವನಲ್ಲ. ಗಂಡ ಇಷ್ಟು ಒಳ್ಳೆಯವನಾದರೆ ಯಾವ ಹೆಂಡತಿಗೆ ನಿದ್ದೆ ಬಂದೀತು?

ಆದರೂ ಒಂದು ಮಧ್ಯಾಹ್ನ ತಡೆಯಲಾರದೆ ಮನಸ್ಸಿನ ಮಾತನ್ನೆಲ್ಲ ಹೇಳಿಕೊಂಡು ಅತ್ತಳು. "ಹೂಂ… ಆಮ್ಯಾಲ?" ಎಂದಿತು ದನಿ, ಮೆತ್ತಗೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಸಂಜೆ ಹೋಳಿಗೆ ಮಾಡಿ ಮೇಲಕ್ಕೆ ಕಳಿಸಿದಳು.

ಅತ್ತ ಬಸಲಿಂಗವ್ವ ತನ್ನ ಮೊಣಕಾಲು ನೋವಿನ ಪುರಾಣ ಶುರುಮಾಡಿದಳು. ಕೇಳುವವರು ಸಿಕ್ಕ ಸುದ್ದಿ ಓಣಿಗೆಲ್ಲ ಹಬ್ಬಿ, ಮೆಟ್ಟಿಲ ಮೇಲೆ ಹೆಂಗಸರ ಸಾಲು ನಿಂತಿತು. ಇಡೀ ಓಣಿಗೆ ಬೇಸರವಿಲ್ಲದೆ ಹೂಂಗುಡುವ ಗಂಡಸೇ? ನೀಲಗಂಗಾ ಎಲ್ಲರನ್ನೂ ಸರಿಸಿ ಬಾಗಿಲ ಮುಂದೆ ನಿಂತು, "ರೀ, ನಿಮ್ಮ ತಮ್ಮ ಎಮ್ಮೀನ ಮದುವಿ ಆದನಂತ" ಎಂದಳು.

"ಹೂಂ… ಆಮ್ಯಾಲ?"

ಬಾಗಿಲು ತಳ್ಳಿದಳು. ಚನ್ನವೀರ ಕಿವಿಗೆ ಹೆಡ್‌ಫೋನ್ ಏರಿಸಿ ಶಿಲ್ಪಿಯ ಮೀಸೆ ತಿದ್ದುತ್ತಿದ್ದ. ಹೂಂಗುಟ್ಟಿದ್ದು ಅವನ ದನಿ ತುಂಬಿಕೊಂಡ ಪೆಟ್ಟಿಗೆ.

"ಹೂಂಗುಡೋರು ಇಲ್ದಿದ್ರ ಯಾರರ ಮಾತಾಡ್ತಾರೇನ? ಅದಕ್ಕ ಹಂಗ ಮಾಡೀನಿ" ಎಂದು ಅವನು ತೊದಲಿದ. ಅವಳು ಜಗಳವಾಡಲಿಲ್ಲ. ಅವಳ ಅಳುವನ್ನು ಪೆಟ್ಟಿಗೆ ಕೇಳಿತ್ತು, ಹೋಳಿಗೆಯನ್ನು ಮಾತ್ರ ಇವನು ತಿಂದಿದ್ದ. ಅದರಿಂದ ಅವಳಿಗೆ ಬಹಳ ನೋವಾಯಿತು.

ಭಾನುವಾರ ಗೇಮು ಕೊಳ್ಳುವವರು ಮನೆಗೇ ಬಂದರು. ಪರದೆಯಲ್ಲಿ ಹೆಂಡತಿ ಊಟಕ್ಕೆ ಕರೆದಳು. ಬಂದವರಲ್ಲೊಬ್ಬ "ಇನ್ನೊಂದು ಏಟು" ಎಂಬುದನ್ನು ಒತ್ತಿದ. ಶಿಲ್ಪಿ ಉಳಿ ಬಿಸಾಕಿ ಒಳಗೆ ಹೋಗಿ ಒಲೆಯ ಮುಂದೆ ಕೂತು, "ಹೂಂ… ಆಮ್ಯಾಲ?" ಎಂದ. ಯಾವ ಗುಂಡಿ ಒತ್ತಿದರೂ ಮೇಲೇಳಲೊಲ್ಲ! ಇಷ್ಟು ದಿನ ಪೆಟ್ಟಿಗೆ ಗೇಮಿಗೆ ಮಾತಿನ ಜೊತೆ ಹೂಂಗುಡುವುದನ್ನೂ ಕಲಿಸಿಬಿಟ್ಟಿತ್ತು. ಮೂರ್ತಿ ಮೂಗಿಲ್ಲದೆ ಹೊರಗೆ ನಿಂತಿತು. ಆಗ ಪರದೆಯ ಹೆಂಡತಿ, ನೀಲಗಂಗಾ ಅಂದು ಬಾಗಿಲಾಚೆ ಅತ್ತು ಹೇಳಿಕೊಂಡಿದ್ದನ್ನೇ ಹೇಳಿದಳು:

"ದಿನಾ ಎರಡು ತಾಟು ಹಚ್ತೀನಿ. ಒಂದು ಹಂಗ ತೊಳದು ಇಡ್ತೀನಿ."

ಬಂದವರು ಗೇಮು ಕೆಟ್ಟಿದೆಯೆಂದು ಎದ್ದು ಹೋದರು. ಚನ್ನವೀರ ಪರದೆ ಆರಿಸಿದ. ಯಾರೂ ಕರೆಯದೆಯೇ ಕೆಳಗಿಳಿದು ಬಂದು ತಾಟಿನ ಮುಂದೆ ಕೂತ.

ನೀಲಗಂಗಾ ರೊಟ್ಟಿ ಬಡಿಸುತ್ತ ಏನೋ ಹೇಳತೊಡಗಿದಳು.

"ಹೂಂ… ಆಮ್ಯಾಲ?" ಅಂದ ಚನ್ನವೀರ.

ಅವಳು ಬಗ್ಗಿ ಮಣೆಯ ಕೆಳಗೆ ನೋಡಿದಳು, ರೊಟ್ಟಿ ಬುಟ್ಟಿಯ ಹಿಂದೆ ನೋಡಿದಳು, ಅವನ ಅಂಗಿಯ ಜೇಬನ್ನೂ ಮುಟ್ಟಿ ನೋಡಿದಳು.

"ಇನ್ನೊಮ್ಮೆ ಅನ್ರಿ" ಎಂದಳು. "ತುಟಿ ಅಲ್ಲಾಡೂದು ನೋಡ್ಬೇಕು."