ಒಂದಕ್ಷರದ ಹೆಸರಿಗೆ ಇಬ್ಬರು ಹಕ್ಕುದಾರರು

ಪಕ್ಕದ ಮನೆಯ, ಕಂದು ಬಣ್ಣದ, ಒಂದು ಕಿವಿ ಮಾತ್ರ ನೆಟ್ಟಗಿರುವ ನಾಯಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಬಾಲವೂ ಕ್ಷೇಮವಾಗಿರುವುದನ್ನು ದಿನವೂ ನಮ್ಮ ಪಡಸಾಲೆಯಲ್ಲೇ ಕಂಡು ಧನ್ಯನಾಗುತ್ತಿರುವ ನೆರೆಮನೆಯವನ ನಮಸ್ಕಾರಗಳು. ಮೊಮ್ಮಗಳಿಗೆ ಒಂದಕ್ಷರದ ಹೆಸರಿಡಲು ಹೊರಟದ್ದಕ್ಕೆ ಇದುವರೆಗೆ ತಗುಲಿದ ಖರ್ಚನ್ನು ಮೊದಲು ತಮ್ಮ ಅವಗಾಹನೆಗೆ ತರುತ್ತೇನೆ: ಕೆಂಪು ಬಣ್ಣ ಒಂದು ಡಬ್ಬಿ, ಚಪ್ಪಲಿ ನಾಲ್ಕು (ನಾಲ್ಕೂ ಎಡಗಾಲಿನವು, ತಮ್ಮ ಅಭಿರುಚಿಯನ್ನು ಪ್ರಶ್ನಿಸುತ್ತಿಲ್ಲ), ನನ್ನ ಹೆಂಡತಿಯ ಗಂಟಲು, ಮತ್ತು ಬೀಗಿತ್ತಿಯವರ ಮುಂದೆ ನನಗಿದ್ದ ಮರ್ಯಾದೆಯಲ್ಲಿ ಅರ್ಧ.

ನಾನು ಅಂಗಡಿಗಳಿಗೆ ಬೋರ್ಡು ಬರೆದು ಮೇಲೆ ಬಂದವನು. ಗಿರಾಕಿಗಳ ಮಾರುದ್ದದ ಹೆಸರುಗಳನ್ನು ಗೇಣಗಲದ ಹಲಗೆಗೆ ತುರುಕಿ ತುರುಕಿ, ಕೊನೆಯ ಅಕ್ಷರಗಳು ಬಸ್ಸಿನ ಬಾಗಿಲಲ್ಲಿ ನೇತಾಡುವವರ ಹಾಗೆ ಅಂಚಿಗೆ ಅಂಟಿಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿ, ನಮ್ಮ ಕೂಸಿಗಾದರೂ ಒಂದೇ ಉಸಿರಿಗೆ ಮುಗಿಯುವ ಹೆಸರಿರಲಿ ಎಂದು ಆಸೆಪಟ್ಟೆ. (ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಯಾರಾದರೂ ಗಟ್ಟಿಯಾಗಿ ಓದಿದರೆ ತಾವು ಬಾಗಿಲು ತಳ್ಳಿಕೊಂಡು ಬಂದುಬಿಡುತ್ತೀರಿ.) ಬೀಗಿತ್ತಿಯವರು ಮಾತ್ರ, "ಅದೇನು ಹೆಸರಾ, ಬಿಕ್ಕಳಿಕೆಯಾ? ಬಾಯಿ ತೆಗೆಯೋದ್ರೊಳಗೆ ಮುಗಿದೇ ಹೋಯ್ತಲ್ಲ!" ಎಂದು ಮೂಗು ಮುರಿದು, ತಮ್ಮ ಕಡೆಯಿಂದ ಏಳಕ್ಷರದ ಹೆಸರೊಂದನ್ನು ಮುಂದಿಟ್ಟರು. ನಮ್ಮ ಮಗಳು ಜಾಣೆ. "ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸೋಕೆ ವರ್ಷ ತುಂಬೋವರೆಗೂ ಟೈಮಿದೆ. ಅಷ್ಟರಲ್ಲಿ ಮಗು ನಿನ್ನ ಹೆಸರಿಗೆ ತಿರುಗಿ ನೋಡಿದ್ರೆ ಅದೇ ಇರಲಿ ಅಪ್ಪಾ, ಇಲ್ಲಾಂದ್ರೆ ಅತ್ತೇದು" ಎಂದು ತೀರ್ಪಿತ್ತಳು. ಮೊದಲು ಬರೆದು ಆಮೇಲೆ ಯೋಚಿಸುವುದು, ಬಣ್ಣ ಒಣಗಿದ ಮೇಲೆ ಮಾತು ಬದಲಿಸದಿರುವುದು ನನ್ನ ಕಸುಬಿನ ನಿಯಮ. ಅಂದೇ ಮಂಚದಗಲದ ಹಲಗೆಯಲ್ಲಿ ಆ ಒಂದಕ್ಷರವನ್ನು ಕೈಕಾಲು ಚಾಚಿ ಮಲಗಿಸಿ ಗೇಟಿಗೆ ಬಿಗಿದೆ.

ಮರುದಿನವೇ ತಾವು ಟೈಲರಮ್ಮನವರ ಹೊಲಿಗೆ ಯಂತ್ರದ ಹಿಂದೆ ಹಿಂದೆಯೇ ಪಕ್ಕದ ಮನೆಗೆ ಬಾಡಿಗೆಗೆ ದಯಮಾಡಿಸಿದಿರಿ. ಆ ಮಹಾತಾಯಿ ನಮ್ಮ ಗೇಟು ನೋಡಿ, "ಅಯ್ಯೋ ಅಣ್ಣಾ, ನಮ್ಮ ನಾಯಿ ಹೆಸರು ನಿಮಗೆ ಯಾರು ಹೇಳಿದ್ರು? ಸ್ವಾಗತಕ್ಕೆ ಇಷ್ಟು ದೊಡ್ಡ ಬೋರ್ಡಾ!" ಎಂದು ಕಣ್ಣೊರೆಸಿಕೊಂಡರು. ನಾನು ಹಲ್ಲು ಕಿರಿದು ಬೋರ್ಡಿನ ಧೂಳು ಒರೆಸಿದೆ.

ಅಂದಿನಿಂದ ತಾವು ತೋರುತ್ತಿರುವ ವಿಧೇಯತೆಯನ್ನು ನಾನು ಹೆತ್ತ ಮಕ್ಕಳೂ ತೋರಿದ್ದಿಲ್ಲ. ಮಗುವನ್ನು ಹಾಲಿಗೆ ಕರೆದರೆ ತಾವು ಬಂದಿರಿ. ಸ್ನಾನಕ್ಕೆ ಕರೆದರೂ ಬಂದಿರಿ, ಬಂದು ಮೈ ಕೊಡವಿ ಮನೆಯವರಿಗೆಲ್ಲ ಸ್ನಾನ ಮಾಡಿಸಿದಿರಿ. ಕೂಸು ತಿರುಗಿ ನೋಡುವುದು ಹೆಸರಿಗೋ ತಮ್ಮ ಬಾಲಕ್ಕೋ ಎಂದು ಹೇಳಬಲ್ಲ ತೀರ್ಪುಗಾರ ಇನ್ನೂ ಹುಟ್ಟಿಲ್ಲ. ನಾಳೆ ಅದಕ್ಕೆ ವರ್ಷ ತುಂಬುತ್ತದೆ, ಬೀಗಿತ್ತಿಯವರು ಪರೀಕ್ಷೆಗೆ ಬರುತ್ತಾರೆ. ಆದಕಾರಣ, ಕೂಗು ಕೇಳಿಸಿದಾಗ ಕರೆದದ್ದು ಯಾರನ್ನೆಂದು ವಿಚಾರಿಸಿಕೊಂಡೇ ತಾವು ಹೆಜ್ಜೆ ಕೀಳತಕ್ಕದ್ದು. ಆಗದಿದ್ದರೆ ಒಂದು ದಿನದ ಮಟ್ಟಿಗೆ ಕಿವುಡರಾಗತಕ್ಕದ್ದು. ಅದೂ ಆಗದಿದ್ದರೆ ಆ ಏಳಕ್ಷರವನ್ನು ತಾವೇ ಸ್ವೀಕರಿಸಿ, ಆಕ್ಷೇಪಣೆ ಇಲ್ಲವೆಂದು ಬಲಗಾಲಿನ ಪಂಜ ಒತ್ತಿ ಕೊಡತಕ್ಕದ್ದು ಎಂದು ಬೇಡಿಕೊಳ್ಳುತ್ತೇನೆ.

ಬಲಗಾಲಿಗೆ ಮಾತ್ರ ಚಪ್ಪಲಿಯುಳ್ಳ
ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವನು

ತಾ.ಕ.: ಇದನ್ನು ತಮ್ಮ ಗೇಟಿಗೆ ಅಂಟಿಸುವ ಮೊದಲೇ ಪರೀಕ್ಷೆ ಮುಗಿದುಹೋಯಿತು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಕೂಸೇ ಕಿಟಕಿಯ ಸರಳು ಹಿಡಿದು ನಿಂತು, ಹುಟ್ಟಿದಾಗಿನಿಂದ ಆಡಿದ ಮೊದಲ ಮಾತಾಗಿ ಆ ಹೆಸರನ್ನು ಸ್ಪಷ್ಟವಾಗಿ ಕೂಗಿತು. ಒಂದಕ್ಷರವಾದ್ದರಿಂದಲೇ ಬಾಯಿಗೆ ಬಂತು ನೋಡಿ ಎಂದು ನಾನು ಹಿಗ್ಗುವಷ್ಟರಲ್ಲಿ ತಾವು ಓಡಿ ಬಂದಿರಿ, ಕೂಸು ಚಪ್ಪಾಳೆ ತಟ್ಟಿತು. "ಅದು ಯಾರ ಹೆಸರೂಂತ ಮಗೂಗೇ ಗೊತ್ತು" ಎಂದು ಬೀಗಿತ್ತಿಯವರು ಸೆರಗು ಕೊಡವಿ ಎದ್ದರು. ಕೊನೆಯ ಲೆಕ್ಕ ಹೀಗಿದೆ. ತಮಗೆ ಮಂಚದಗಲದ ಬೋರ್ಡು. ಬೀಗಿತ್ತಿಯವರಿಗೆ ಗೆಲುವು. ಕೂಸಿಗೆ ಏಳು ಅಕ್ಷರ, ಒಂದು ನಾಯಿ. ನನಗೆ ಹೊಸ ಹಲಗೆ: ಆರು ಅಕ್ಷರ ಬರೆದಾಗಿದೆ, ಏಳನೆಯದಕ್ಕೆ ಜಾಗವಿಲ್ಲ.