ಗ್ರೈಂಡರಿನ ಅನಧಿಕೃತ ಕೋಲು

ಮಾನ್ಯರೇ,

ಠಾಣೆ-ಕಲ್ಯಾಣ ವಲಯ ನಾವೀನ್ಯ ಉತ್ತೇಜನ ಕೇಂದ್ರದ ಘನ ನಿರ್ದೇಶಕರಾದ ತಮಗೆ, ಡೊಂಬಿವಲಿಯ ಕೈಗಾರಿಕಾ ವಸಾಹತಿನ ಮೂರನೇ ಗಲ್ಲಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇಡ್ಲಿ ಬೇಯಿಸಿಕೊಂಡು ಬಂದಿರುವ ವಸಂತಕುಮಾರನೆಂಬ ನಾನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ನವಿ ಮುಂಬಯಿಯ ಹನ್ನೊಂದನೇ ಮಹಡಿಯ ಗಾಜಿನ ಕಚೇರಿಯಲ್ಲಿ ತಾವು ಕ್ಷೇಮವೆಂದೂ, ಏಸಿ ತಕ್ಕಷ್ಟು ತಂಪು ಕೊಡುತ್ತಿದೆಯೆಂದೂ ನಂಬಿದ್ದೇನೆ. ಇದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಗುಟ್ಟಾಗಿ ಬರೆದ ಮೂರು ಈಮೇಲುಗಳಿಗೆ ತಮ್ಮ ಕಂಪ್ಯೂಟರು 'ನಿಮ್ಮ ನವೀನ ಚಿಂತನೆಗೆ ಅಭಿನಂದನೆಗಳು' ಎಂದು ಮೂರು ಸಲವೂ ಒಂದೇ ಉತ್ತರ ಕೊಟ್ಟಿತು, ಅಭಿನಂದನೆ ಸಾಕಾಯಿತು.

ಕಳೆದ ವಾರ ತಮ್ಮ ಕೇಂದ್ರದಿಂದ ಬಂದ ಆದೇಶವನ್ನು ನಾನು ಎದ್ದು ನಿಂತೇ ಓದಿದೆ, ಅಷ್ಟು ಗೌರವ. ನಮ್ಮ ಅಡುಗೆಮನೆಯ ಹಿಟ್ಟಿನ ಗ್ರೈಂಡರಿನ ಬಾಯಿಗೆ ಅಡ್ಡವಾಗಿ 'ಅನಧಿಕೃತ ಕೋಲೊಂದು' ಕಂಡುಬಂದಿದ್ದು, ಅದು ತಮ್ಮ ಪ್ರಯೋಗಾಲಯ ಒಪ್ಪಿದ ನಕ್ಷೆಯಲ್ಲಿ ಇಲ್ಲದಿರುವುದರಿಂದ, ಇದೇ ತಿಂಗಳ ಮೂವತ್ತರೊಳಗೆ ಅದನ್ನು ಕಿತ್ತು ಯಂತ್ರವನ್ನು ಮೂಲಸ್ಥಿತಿಗೆ ತರತಕ್ಕದ್ದು, ತಪ್ಪಿದಲ್ಲಿ ಯಂತ್ರಕ್ಕೆ ಸೀಲು ಹಾಕಲಾಗುವುದು ಎಂದು ಅದರಲ್ಲಿದೆ. ಮೂಲಸ್ಥಿತಿ ಎಂಬ ಮಾತು ನನಗೆ ಬಹಳ ಹಿಡಿಸಿತು. ಯಂತ್ರವನ್ನು ಮೂಲಸ್ಥಿತಿಗೆ ತರುವುದು ಅರ್ಧ ಗಂಟೆಯ ಕೆಲಸ. ನಮ್ಮಲ್ಲಿ ಹಿಟ್ಟಿನ ಉಸ್ತುವಾರಿ ನೋಡುವ ಲೋಲಾಕ್ಷಿಯ ಬಲಗೈ ತೋರುಬೆರಳನ್ನೂ ಮೂಲಸ್ಥಿತಿಗೆ ತರತಕ್ಕದ್ದು ಎಂದು ಅದೇ ಕಾಗದದಲ್ಲಿ ಒಂದು ಸಾಲು ಸೇರಿಸಿದ್ದರೆ, ನಾನು ತಮ್ಮ ಫೋಟೋವನ್ನು ಗಲ್ಲಾದ ಮೇಲೆ ಗಣಪತಿಯ ಪಕ್ಕದಲ್ಲಿ ತೂಗುಹಾಕಿ ದಿನವೂ ಊದಿನಕಡ್ಡಿ ಹಚ್ಚುತ್ತಿದ್ದೆ.

ತಾವು ಹನ್ನೊಂದನೇ ಮಹಡಿಯವರು, ನಮ್ಮ ಗಲ್ಲಿಯ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ಇಲ್ಲಿನ ಶೆಡ್ಡುಗಳಲ್ಲಿ ಯಾರು ಹೊಸ ಗ್ರೈಂಡರ್ ಮಾಡಿದರೂ ಅದು ಮೊದಲು ನಮ್ಮ ಅಡುಗೆಮನೆಗೆ ಬಂದು ಎಂಟು ದಿನ ಕೂರಬೇಕು. "ಶೇಠ್, ಆಠ ದಿವಸ ಚಾಲವೂನ್ ಬಘಾ" ಎಂದು, ಎಂಟು ದಿನ ಓಡಿಸಿ ನೋಡಲು ಹೇಳಿ ಮರಾಠಿಯವರು ಬಿಟ್ಟುಹೋಗುತ್ತಾರೆ, ಕನ್ನಡದವರು ಹೇಳದೆಯೇ ಬಿಟ್ಟುಹೋಗುತ್ತಾರೆ. ಲೋಲಾಕ್ಷಿ ಅದರಲ್ಲಿ ಎಂಟು ದಿನ ಉದ್ದು, ಅಕ್ಕಿ, ನಡುವೆ ಒಂದು ದಿನ ಬೇಕೆಂದೇ ಸರಿಯಾಗಿ ನೆನೆಯದ ಮೆಂತೆ ಹಾಕಿ ರುಬ್ಬುತ್ತಾಳೆ, ಬೈಯುತ್ತಾಳೆ, ಯಂತ್ರ ಮಾಡಿದವನು ತಲೆ ಕೆರೆದುಕೊಂಡು ಅದನ್ನು ಸರಿಮಾಡುತ್ತಾನೆ. ಎಂಟನೇ ದಿನ ಆಕೆ ಯಂತ್ರದ ಹಣೆಗೆ ಕುಂಕುಮವಿಟ್ಟರೆ ಪಾಸು, ಇಡದಿದ್ದರೆ ಹೊತ್ತುಕೊಂಡು ಹೋಗಬೇಕು. ಮಾಜಿವಾಡಾದಿಂದ ಕೋಪರಖೈರಣೆಯವರೆಗಿನ ನಮ್ಮ ಕಡೆಯ ಹೋಟೆಲಿನವರೆಲ್ಲ ಗ್ರೈಂಡರ್ ಕೊಳ್ಳುವ ಮೊದಲು ಕಂಪನಿ ಯಾವುದೆಂದು ಕೇಳುವುದಿಲ್ಲ, ಕುಂಕುಮ ಬಿದ್ದಿದೆಯೋ ಎಂದು ನನಗೆ ಫೋನು ಮಾಡುತ್ತಾರೆ.

ಈ ಪದ್ಧತಿಯನ್ನು ನಾನು ಒಂದೇ ಒಂದು ಸಲ ಮುರಿದೆ. ಏಳು ವರ್ಷಗಳ ಹಿಂದೆ ಒಂದು ವಸ್ತುಪ್ರದರ್ಶನದಲ್ಲಿ ಕನ್ನಡಿಯಂತೆ ಹೊಳೆಯುವ ಗ್ರೈಂಡರ್ ನೋಡಿ ಮರುಳಾಗಿ, ಅದಕ್ಕೆ ಅಂಟಿಸಿದ್ದ ಪ್ರಮಾಣಪತ್ರಗಳನ್ನು ನೋಡಿ ಇನ್ನೂ ಮರುಳಾಗಿ, ಎಂಟು ದಿನದ ಮಾತೇ ಎತ್ತದೆ ತಂದು ಕೂರಿಸಿಬಿಟ್ಟೆ. ಎಂಟು ದಿನ ಕೊಟ್ಟಿದ್ದರೆ ಅದರ ಬಾಯಿ ತೀರ ಅಗಲವಾಯಿತೆಂದು ಲೋಲಾಕ್ಷಿ ಎರಡನೇ ದಿನವೇ ಹೇಳಿಬಿಡುತ್ತಿದ್ದಳು. ಚೌತಿಯ ಮುನ್ನಾದಿನ ಮಧ್ಯಾಹ್ನ, ಅಂಚಿಗೆ ಮೆತ್ತಿದ ಹಿಟ್ಟನ್ನು ಒಳಗೆ ತಳ್ಳಲು ಹೋದಾಗ ಅವಳ ತೋರುಬೆರಳು ಮೊದಲ ಗಂಟಿನವರೆಗೆ ಹೋಯಿತು. ನಾನು ಆಗ ಹೊರಗೆ ಗಲ್ಲಾದಲ್ಲಿ ಕೂತು ಒಬ್ಬ ಗಿರಾಕಿಗೆ ಆ ಯಂತ್ರದ ಹೊಳಪನ್ನೇ ಹೊಗಳುತ್ತಿದ್ದೆ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎರಡು ತಿಂಗಳಾದ ಮೇಲೆ ಲೋಲಾಕ್ಷಿ ಕೆಲಸಕ್ಕೆ ಮರಳಿ ಬಂದಳು, ನೇರ ಹಿಂದಿನ ಗಲ್ಲಿಯ ಸಿದ್ರಾಮನ ಶೆಡ್ಡಿಗೆ ಹೋದಳು. ಸಿದ್ರಾಮ ವಿಜಯಪುರದ ಕಡೆಯವನು, ಕಬ್ಬಿಣದ ಕೆಲಸದವನು, ಗ್ರೈಂಡರುಗಳನ್ನೂ ಮಾಡುತ್ತಾನೆ. "ಲೋಕಲ್ ಗಾಡಿಗೆ ಚೈನ್ ಉಂಟು, ಎಳೆದ್ರೆ ಅಷ್ಟು ದೊಡ್ಡ ಗಾಡಿ ನಿಲ್ತದೆ, ಈ ಎರಡು ಕಲ್ಲಿಗೆ ಯಾಕೆ ಮಾರಾಯ ಇಲ್ಲ?" ಎಂದು ಅವಳು ಕೇಳಿದಳಂತೆ. ಅವನು, "ಅಕ್ಕಾರ, ಹಿಂಗ ಕೇಳಿದ್ರ ನಾ ಏನ್ ಹೇಳ್ಲಿ, ಒಂದ್ ವಾರ ಕೊಡ್ರಿ" ಎಂದನಂತೆ. ಆ ವಾರ ಆದದ್ದು ಇಷ್ಟು: ಶಹಾಡಿನ ಸೈಕಲ್ ಅಂಗಡಿಯಿಂದ ಬ್ರೇಕಿನ ತಂತಿ ಬಂತು, ಪಕ್ಕದ ಶೆಡ್ಡಿನವರು ತಮ್ಮಲ್ಲಿ ಬಿದ್ದಿದ್ದ ಸ್ಪ್ರಿಂಗು ಕೊಟ್ಟರು, ಎದುರಿನ ಲೇತಿನವನು ಚಹಾ ಆರುವಷ್ಟರಲ್ಲಿ ಬಳೆಯಂಥ ಒಂದು ಬುಷ್ ಕಡೆದುಕೊಟ್ಟ, ಲೋಲಾಕ್ಷಿ ಪಕ್ಕದಲ್ಲಿ ನಿಂತು ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ತನ್ನ ಮೋಟುಬೆರಳಿನಿಂದಲೇ ಜಾಗ ತೋರಿಸಿದಳು. ಅದೇ ತಮ್ಮ ಅನಧಿಕೃತ ಕೋಲು. ಕೈಯಾಗಲಿ, ಸೆರಗಾಗಲಿ, ಬಳೆಯಾಗಲಿ ಒಳಗೆ ಸೆಳೆದುಕೊಂಡು ಹೋದರೆ ಮೊದಲು ಆ ಕೋಲಿಗೆ ತಾಗುತ್ತದೆ, ಕೋಲು ತಂತಿಯನ್ನು ಎಳೆಯುತ್ತದೆ, ಬೆಲ್ಟು ಸಡಿಲವಾಗುತ್ತದೆ, ಕಲ್ಲು ನಿಲ್ಲುತ್ತದೆ. ಈಗ ನಲವತ್ತಕ್ಕೂ ಹೆಚ್ಚು ಅಡುಗೆಮನೆಗಳಲ್ಲಿ ಈ ಕೋಲಿದೆ. ಈ ಏಳು ವರ್ಷಗಳಲ್ಲಿ ಆ ಗ್ರೈಂಡರುಗಳಿಂದ ಒಂದೇ ಒಂದು ಬೆರಳೂ ಹೋಗಿಲ್ಲ.

ಇಷ್ಟೆಲ್ಲ ನಡೆದದ್ದು ತಮ್ಮ ಕೇಂದ್ರ ಹುಟ್ಟುವ ಮೊದಲು ಎಂಬುದು ನಮ್ಮ ತಪ್ಪೇ ಸರಿ, ಸ್ವಲ್ಪ ತಾಳ್ಮೆ ಬೇಕಿತ್ತು. ಆಮೇಲೆ ತಾವು ಬಂದಿರಿ, ನಮ್ಮ ಗಲ್ಲಿಯ ಬಾಯಿಗೆ 'ನಾವೀನ್ಯ ಸಮುಚ್ಚಯ' ಎಂದು ಬೆಳಗುವ ಕಮಾನು ನಿಲ್ಲಿಸಿದಿರಿ, ಅದರ ಕೆಳಗೆ ಟೆಂಪೋ ಹೋಗದಂತಾದದ್ದರಿಂದ ಸಾಮಾನನ್ನು ತಲೆಯ ಮೇಲೆ ಹೊರುವ ಹಳೆಯ ಪದ್ಧತಿಗೆ ಮರುಜೀವ ಬಂತು. ಸಮೀಕ್ಷೆಗೆಂದು ಹೃಷೀಕೇಶ ಎಂಬ ತರುಣ ಅಧಿಕಾರಿಯನ್ನು ಕಳಿಸಿದಿರಿ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ, ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವವನು, ಬಹಳ ಒಳ್ಳೆಯವನು. ನಿಮ್ಮ ಸಂಶೋಧನಾ ವಿಭಾಗ ಎಲ್ಲಿದೆ ಎಂದು ಕೇಳಿದ. ಅಡುಗೆಮನೆ ಎಂದೆ. ಆತ ತನ್ನ ಟ್ಯಾಬಿನಲ್ಲಿ ಮೇಲಿಂದ ಕೆಳಗೆ ಹುಡುಕಿ, "ಕಾಕಾ, ಯಾದೀತ ಕಿಚನ್ ನಾಹೀ" ಎಂದು, ಪಟ್ಟಿಯಲ್ಲಿ ಅಡುಗೆಮನೆಯೇ ಇಲ್ಲವೆಂದು ಪಾಪ ಬೇಸರಪಟ್ಟುಕೊಂಡು 'ಇತರೆ' ಎಂಬಲ್ಲಿ ಒತ್ತಿದ. ಡಾಕ್ಟರೇಟ್ ಆದವರೆಷ್ಟು ಎಂದ, ಸೊನ್ನೆ. ಪೇಟೆಂಟುಗಳೆಷ್ಟು ಎಂದ, ಸೊನ್ನೆ. ಲೋಲಾಕ್ಷಿಯ ಹುದ್ದೆ ಏನೆಂದ, ಅದೂ 'ಇತರೆ'ಯೇ ಆಯಿತು. ಹೀಗೆ ನಮ್ಮ ಗಲ್ಲಿಗೆ ಹತ್ತಕ್ಕೆ ಒಂದೂವರೆ ಅಂಕ ಬಂದದ್ದು, ಆ ಅರ್ಧ ಅಂಕ ಕಮಾನಿಗೆ ಎಂದು ನಂತರ ತಿಳಿಯಿತು.

ತಮ್ಮ ಪ್ರಯೋಗಾಲಯದ ಬಗ್ಗೆ ಎರಡು ಮೆಚ್ಚುಗೆಯ ಮಾತು ಹೇಳದಿದ್ದರೆ ನನ್ನ ನಾಲಗೆ ಸುಮ್ಮನಿರುವುದಿಲ್ಲ. ತಾವು ಪ್ರಮಾಣೀಕರಿಸಿದ ಮಾದರಿ ಗ್ರೈಂಡರನ್ನು ಅಲ್ಲಿ ಎಂಟು ನಿಮಿಷ ಪರೀಕ್ಷಿಸಲಾಯಿತೆಂದು ವರದಿಯಲ್ಲಿ ಓದಿದೆ. ಖರೀದಿಯ ಪಟ್ಟಿಯಲ್ಲಿ ಉದ್ದಿನಬೇಳೆ ಇಲ್ಲದ ಕಾರಣ ಮೈದಾಹಿಟ್ಟಿಗೆ ನೀರು ಬೆರೆಸಿ ರುಬ್ಬಲಾಯಿತಂತೆ, ಫಲಿತಾಂಶ 'ಅತ್ಯಂತ ನಯ'. ಅಲ್ಲ ಮಾರಾಯ್ರೆ, ಮೊದಲೇ ಹಿಟ್ಟಾದದ್ದನ್ನು ರುಬ್ಬಿದರೆ ನಯವಾಗದೆ ಇನ್ನೇನಾಗುತ್ತದೆ! ಉದ್ದು ಉಬ್ಬುತ್ತದೆ, ಅಂಚಿಗೆ ಹತ್ತುತ್ತದೆ, ಹತ್ತಿದ್ದನ್ನು ಕೆಳಗೆ ತಳ್ಳಲು ಯಾರಾದರೂ ಕೈ ಹಾಕಲೇಬೇಕಾಗುತ್ತದೆ. ಮೈದಾ ನೀರಿಗೆ ಯಾರೂ ಕೈ ಹಾಕಲಿಲ್ಲ, ಹಾಗಾಗಿ ತಮ್ಮ ನಕ್ಷೆಯಲ್ಲಿ ಕೈಯೂ ಇಲ್ಲ, ಕೋಲೂ ಇಲ್ಲ.

ಆದರೂ ತಮ್ಮ ನಿಯಮಪುಸ್ತಕದಲ್ಲಿ ದಯೆಯ ಒಂದು ಕಿಂಡಿ ಇತ್ತು. ಕೋಲನ್ನು ಕಂಡುಹಿಡಿದವರು ತಮ್ಮ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಆದೇಶವನ್ನು ತಡೆಹಿಡಿಯಬಹುದಂತೆ. ಸಿದ್ರಾಮನ ಹೆಸರು ಹಾಕೋಣವೆಂದರೆ ಅವನು ಕಿವಿ ಮುಚ್ಚಿಕೊಂಡು, "ಏ, ಅದು ಅಕ್ಕಾರ ತಲೀ, ನಂದು ಬರೇ ವೆಲ್ಡಿಂಗ್ರೀ" ಎಂದ. ಸರಿ, ಲೋಲಾಕ್ಷಿಯನ್ನು ನನ್ನ ಮಗಳು ತನ್ವಿಯ ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆವು. ಅವಳು ಹೊಸ ಸೀರೆ ಉಟ್ಟು ಬಂದಿದ್ದಳು, ಸಂಶೋಧಕಿ ಎಂಬ ಪದದ ಮುಂದೆ ತನ್ನ ಹೆಸರು ಮೂಡಿದ್ದನ್ನು ನೋಡಿ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುರುತಿಗಾಗಿ ಪೋರ್ಟಲು ಬಲಗೈ ತೋರುಬೆರಳನ್ನು ಬೆರಳಗುರುತು ಓದುವ ಯಂತ್ರದ ಮೇಲೆ ಒತ್ತಲು ಹೇಳಿತು. ಒತ್ತಿದಳು. 'ಬೆರಳು ಕಂಡುಬಂದಿಲ್ಲ, ಸರಿಯಾಗಿ ಇಡಿ' ಎಂದು ಬಂತು. ಒರೆಸಿ ಒತ್ತಿದಳು, ಮತ್ತೆ ಅದೇ. "ಪಪ್ಪಾ, ಯೇ ಫಿಂಗರ್ ಲೇ ಹೀ ನಹೀ ರಹಾ" ಎಂದಳು ತನ್ವಿ, ಯಂತ್ರ ಬೆರಳನ್ನು ಒಪ್ಪುತ್ತಲೇ ಇಲ್ಲವಂತೆ. ಬೇರೆ ಬೆರಳಿಗೆ, ಎಡಗೈಗೆ ಅವಕಾಶವಿಲ್ಲವಂತೆ. ಮೂರನೆಯ ಸಲ ಪೋರ್ಟಲು, ಅಭ್ಯರ್ಥಿ ಅಸ್ತಿತ್ವದಲ್ಲಿಲ್ಲ ಎಂದು ತೀರ್ಪು ಕೊಟ್ಟು ಮುಚ್ಚಿಕೊಂಡಿತು. ಆ ಬೆರಳು ಹೋದದ್ದರಿಂದಲೇ ಆ ಕೋಲು ಬಂದದ್ದು ಸ್ವಾಮಿ, ಆ ಬೆರಳಿದ್ದಿದ್ದರೆ ನೋಂದಾಯಿಸಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ. ಲೋಲಾಕ್ಷಿ ಎದ್ದು ಹೋಗಿ ಅಕ್ಕಿ ತೊಳೆಯತೊಡಗಿದಳು. ನನಗೆ ಮಾತ್ರ ಅಂದು ಮೈಯೆಲ್ಲ ಉರಿಯಿತು.

ಆದ್ದರಿಂದ ತಮ್ಮ ಘನ ಸನ್ನಿಧಿಯಲ್ಲಿ ನನ್ನ ಅರಿಕೆಗಳು ಇವು. ಕಳೆದುಹೋದ ಆ ಬೆರಳಿನ ತುದಿಯನ್ನು ಹುಡುಕಿ ಹಾಜರುಪಡಿಸಲು ತಮ್ಮ ಕೇಂದ್ರದಿಂದ ಒಂದು ಸಮಿತಿ ರಚಿಸಬೇಕು, ಇಲ್ಲವೇ ಪೋರ್ಟಲಿಗೆ ಉಳಿದ ಒಂಬತ್ತು ಬೆರಳುಗಳನ್ನೂ ಮನುಷ್ಯರದ್ದೆಂದು ನಂಬುವ ಬುದ್ಧಿ ಕೊಡಬೇಕು. ಲೋಲಾಕ್ಷಿಯ ಕುಂಕುಮದ ಭರಣಿಯನ್ನು ತಮ್ಮ ಪ್ರಯೋಗಾಲಯಕ್ಕೆ ಒಯ್ದು, ಅದು ನಲವತ್ತು ಅಡುಗೆಮನೆಗಳನ್ನು ಹೇಗೆ ಕಾಯಿತೆಂದು ತೂಕ ಮಾಡಿ ವರದಿ ಕೊಡಬೇಕು. ಉದ್ದಿನಬೇಳೆಯನ್ನು ತಾಂತ್ರಿಕ ಸಲಹೆಗಾರರ ಸ್ಥಾನಕ್ಕೆ ನೇಮಿಸಬೇಕು, ಅದು ನೆನೆಯುವಷ್ಟು ಹೊತ್ತು ತಮ್ಮ ಸಭೆಗಳೂ ಸುಮ್ಮನಿದ್ದರೆ ಒಳ್ಳೆಯದು. ಇವೆಲ್ಲ ಕಷ್ಟವಾದರೆ ಒಂದೇ ಒಂದು ಸಾಕು: ಆ ಕೋಲನ್ನು ಇದ್ದಲ್ಲೇ ಇರಲು ಬಿಡಿ. ಅದಿಲ್ಲದ ಗ್ರೈಂಡರಿನ ಮುಂದೆ ನಾನು ಲೋಲಾಕ್ಷಿಯನ್ನು ಕೂರಿಸುವುದಿಲ್ಲ. ಒಂದು ಸಲ ಹೊಳಪು ನೋಡಿ ಮೋಸಹೋದವನು ನಾನು. ಮೂವತ್ತೊಂದರಿಂದ ನಮ್ಮಲ್ಲಿ ಇಡ್ಲಿ ಇಲ್ಲ ಎಂದು ಬೋರ್ಡು ಬರೆಸಿಟ್ಟಿದ್ದೇನೆ.

ತಮ್ಮ ಕಮಾನಿನ ಕೆಳಗೆ ತಲೆಬಾಗಿ, ಮೂಟೆ ಹೊತ್ತು ಓಡಾಡುವ,
ತಮ್ಮ ವಿಶ್ವಾಸಿ,
ವಸಂತಕುಮಾರ
(ಹುದ್ದೆ: ಇತರೆ)

ತಾ.ಕ.: ಪತ್ರ ಮುಗಿಸಿ ಅಂಚೆಗೆ ಹಾಕುವುದರೊಳಗೆ, ಕೋಲು ಕೀಳುವ ಸಿದ್ಧತೆ ಎಲ್ಲಿಗೆ ಬಂತೆಂದು ನೋಡಲು ಹೃಷೀಕೇಶ ನಿನ್ನೆ ಬಂದಿದ್ದ. ಗ್ರೈಂಡರ್ ತಿರುಗುತ್ತಿರುವಾಗಲೇ ಕೋಲಿನ ಫೋಟೋ ತೆಗೆಯಲು ಬಗ್ಗಿದ್ದರಿಂದ, ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯ ಪಟ್ಟಿ, ಅದೇ 'ನಾವೀನ್ಯವೇ ನಮ್ಮ ಉಸಿರು' ಎಂದು ತಾವು ಅಚ್ಚು ಹಾಕಿಸಿದ ಪಟ್ಟಿ, ಹಿಟ್ಟಿನೊಳಗೆ ಇಳಿದು ಕಲ್ಲಿಗೆ ಸುತ್ತಿಕೊಂಡು ಆತನನ್ನು ಮುಖದ ಸಮೇತ ಎಳೆಯಿತು. ಪಟ್ಟಿ ಕೋಲಿಗೆ ತಾಗಿತು, ಕಲ್ಲು ನಿಂತಿತು. ಲೋಲಾಕ್ಷಿ "ಅಯ್ಯೋ ದೇವೆರೆ" ಎಂದು ಓಡಿಬಂದು ಬಿಡಿಸಿ, ಮುಖ ಒರೆಸಿ, ಎರಡು ಲೋಟ ಮಜ್ಜಿಗೆ ಕುಡಿಸಿದಳು. ಆತ ಮೊದಲ ಸಲ ಕನ್ನಡದಲ್ಲೇ, "ಅಕ್ಕಾ, ಪೋರ್ಟಲಿಗೆ ನಿಮ್ಮ ಬದಲು ನನ್ನ ಬೆರಳು ಒತ್ತುತ್ತೇನೆ" ಎಂದ. "ಬೇಡ ಮಗಾ, ನಿನ್ನ ಬೆರಳು ನಿನ್ನ ಹತ್ರವೇ ಇರ್ಲಿ, ಆ ಕೋಲು ಇರೋದೇ ಅದಕ್ಕೆ" ಎಂದಳು ಅವಳು. ಪಟ್ಟಿಯನ್ನು ತೊಳೆದು ಒಣಗಿಸಿ ಇದರೊಂದಿಗೆ ಕಳಿಸಿದ್ದೇನೆ, ಉದ್ದಿನ ವಾಸನೆ ಪೂರ್ತಿ ಹೋಗಿಲ್ಲ. ಮೂವತ್ತನೇ ತಾರೀಕು ಕೋಲು ಕೀಳಿಸಲು ತಾವೇ ಖುದ್ದಾಗಿ ಬರುವುದಾದರೆ, ದಯವಿಟ್ಟು ಕುತ್ತಿಗೆಗೆ ಏನೂ ಕಟ್ಟಿಕೊಳ್ಳದೆ ಬನ್ನಿ.