ಎಡಗಡೆ ಸೀಟಿನ ಭಾವ

ಹೈದರಾಬಾದಿನಲ್ಲಿ ಕಾರುಗಳ ವಿಷಯ ನಮ್ಮ ಭಾವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಬೀದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಅದು ಯಾವ ಕಾಲದ್ದು, ಯಾವ ಗೇರಿನಲ್ಲಿದೆ, ಓಡಿಸುವವನು ಮನೆಯಲ್ಲಿ ಜಗಳವಾಡಿ ಹೊರಟಿದ್ದಾನೋ ಇಲ್ಲವೋ ಎಲ್ಲ ಹೇಳಬಲ್ಲರು. ಒಂದೇ ಒಂದು ಸಣ್ಣ ಕೊರತೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ!

ಮರೆತುಹೋಗಿದೆ ಎಂದುಕೊಳ್ಳಬೇಡಿ. ಕಲಿತೇ ಇಲ್ಲ. ಹೀಗಿರುವ ಮನುಷ್ಯ, ಎಪ್ಪತ್ತು ದಾಟಿದ ಮೇಲೆ, ಕಾರು ಕೊಳ್ಳಲು ಹೊರಟರು. ಅದೂ ತರಕಾರಿ ತರುವಂಥ ಮರ್ಯಾದಸ್ತ ಕಾರಲ್ಲ. ಅವರ ಕಣ್ಣು ಬಿದ್ದದ್ದು ಎರಡರ ಮೇಲೆ. ಒಂದು, ಹಿಂದಿನ ಕಾಲದಲ್ಲಿ ರ‍್ಯಾಲಿಗಳಲ್ಲಿ ಓಡಿ ಹೆಸರು ಮಾಡಿದ, ನಾಲ್ಕು ಬಾಗಿಲಿನ, ಪೆಟ್ಟಿಗೆಯಂಥ ಹಳೇ ಸೆಡಾನ್. ಇನ್ನೊಂದು, ನೆಲಕ್ಕೆ ಅಂಟಿಕೊಂಡಂತಿರುವ, ಊದಿದರೆ ಹಾರೀತು ಎನ್ನುವಷ್ಟು ಹಗುರವಾದ, ಎರಡೇ ಸೀಟಿನ ಹೊಸ ಸ್ಪೋರ್ಟ್ಸ್ ಕಾರು. ಯಾವುದು ಎಂದು ತೀರ್ಮಾನವಾಗದೆ ಚಳಿಗಾಲ ಕಳೆದು ಮಾವಿನಹಣ್ಣು ಮಾರುಕಟ್ಟೆಗೆ ಬಂತು.

ಹಾಗಾದರೆ ಓಡಿಸುವವರು ಯಾರು? ನಮ್ಮ ಅಕ್ಕ! ಕಲಬುರ್ಗಿಯಲ್ಲಿ ನಮ್ಮಪ್ಪ ಅವಳಿಗೆ ಜೀಪಿನಲ್ಲಿ ಡ್ರೈವಿಂಗ್ ಕಲಿಸಿದಾಗ ಜನ ಅಂಗಡಿ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಭಾವ ತಮ್ಮ ಕಾಕಾನ ಸೆಡಾನನ್ನು ಕಾಡಿ ಬೇಡಿ ತಂದು, ಹೆಂಡತಿಯನ್ನು ಕರೆದುಕೊಂಡು ಒಂದು ರ‍್ಯಾಲಿಗೆ ಹೋದರು. ಸ್ಟೀರಿಂಗ್ ಅಕ್ಕನ ಕೈಯಲ್ಲಿ. ಭಾವ ಎಡಗಡೆ ಸೀಟಿನಲ್ಲಿ ಕೂತು, ದಾರಿಯ ಪುಸ್ತಕ ನೋಡಿ, ಮುಂದೆ ಬರುವ ತಿರುವನ್ನು ಕೂಗಿ ಹೇಳಬೇಕು. ಹೇಳಿದರು. ಆದರೆ ನಡುವೆ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟರು! ಗಾಡಿ ನೇರವಾಗಿ ಯಾವುದೋ ಊರಿನ ಮದುವೆ ಚಪ್ಪರಕ್ಕೆ ಹೋಗಿ ನಿಂತಿತು. ಬೀಗರ ಕಡೆಯವರೆಂದು ತಿಳಿದು ಅಲ್ಲಿನವರು ಕೈಹಿಡಿದು ಪಂಕ್ತಿಗೆ ಕೂರಿಸಿದರು. ಇವರಿಬ್ಬರೂ ಗುರಿ ಮುಟ್ಟುವಾಗ ಬಹುಮಾನ ಹಂಚಿ ಶಾಮಿಯಾನ ಬಿಚ್ಚುತ್ತಿದ್ದರಂತೆ. ಕೊನೆಯವರಾದರೇನು, ಹೋಳಿಗೆ ಉಂಡು ಬಂದವರು ಇವರಿಬ್ಬರೇ!

ಅಂದಿನಿಂದ ಭಾವನಿಗೆ ತಿರುವು ಕೂಗುವ ಚಟ ಅಂಟಿತು. ಅಕ್ಕ ತನ್ನ ಸಣ್ಣ ಕಾರಿನಲ್ಲಿ ತಾರ್ನಾಕದ ಮನೆಯಿಂದ ಹಾಲಿನ ಬೂತಿಗೆ ಹೊರಟರೂ ಎಡಗಡೆಯಿಂದ ಘೋಷಣೆ: “ಮುಂದ ಬಲಕ್ಕ ಚೂಪು. ಆಮ್ಯಾಲ ಎಮ್ಮಿ!” ಆಟೋ ಹತ್ತಿದರೂ ಬಿಡುವುದಿಲ್ಲ. ಒಮ್ಮೆ ಆಟೋದವನು ಗಾಡಿ ನಿಲ್ಲಿಸಿ, ದಾರಿ ತನಗೆ ಗೊತ್ತಿಲ್ಲವೇ ಎಂದು ಹಿಂದಕ್ಕೆ ತಿರುಗಿ ಕೇಳಿದ: “ಚಾಚಾ, ರಸ್ತಾ ಮೇರೆಕೋ ಮಾಲೂಮ್ ನಹೀಂ ಕ್ಯಾ?” ಭಾವ ಗಂಭೀರವಾಗಿ ಹೇಳಿದರು: “ಮಾಲೂಮ್ ಹೈ, ಲೇಕಿನ್ ಖಡ್ಡಾ ಮಾಲೂಮ್ ನಹೀಂ.” ಮರುಕ್ಷಣ ಆಟೋ ಗುಂಡಿಗೆ ಬಿತ್ತು!

ನಾನು ಇದಕ್ಕೆಲ್ಲ ತೀರ ವಿರುದ್ಧ. ಗಂಟೆ ಬಾರಿಸಿದೊಡನೆ ಎದ್ದು, ಹೊದಿಕೆಯ ನಾಲ್ಕು ಮೂಲೆ ಸರಿಯಾಗಿ ಮಡಚಿ, ಸಾಲಿನಲ್ಲಿ ನಿಲ್ಲಬೇಕಾದ ಶಾಲೆಯಲ್ಲಿ ಬೆಳೆದವನು. ಬಾಲಾನಗರದ ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ನನ್ನ ಜೊತೆ ಇರುವುದು ನನ್ನ ದಿನಚರಿಯೊಂದೇ. ಭಾವ ನನ್ನನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. “ಏ ಗಡಿಯಾರ” ಎನ್ನುತ್ತಾರೆ.

ಅಕ್ಕನ ಎಡ ಮೊಣಕಾಲು ಕೈಕೊಟ್ಟಿತು. ಸಣ್ಣ ಕಾರನ್ನು ಮಾರಿದರು. ಆಪರೇಷನ್ ಆಯಿತು. “ದಿನಾ ವ್ಯಾಯಾಮ ಮಾಡಬೇಕು, ಇಲ್ಲದಿದ್ದರೆ ಹೊಸ ಕೀಲು ಬಿಗಿದುಕೊಳ್ಳುತ್ತದೆ, ಆಮೇಲೆ ಕುರ್ಚಿಯೇ ಗತಿ” ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ಕೂಡಲೇ ಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮರುದಿನ ಹೋಗಿ ನೋಡಿದರೆ ಅದು ಗೋಡೆಯಿಂದ ಇಳಿದು ಊಟದ ಮೇಜಿಗೆ ಬಂದಿತ್ತು, ಅದರ ಮೇಲೆ ಬಿಸಿ ಸಾರಿನ ಪಾತ್ರೆ ಕೂತಿತ್ತು!

“ಯಾಕ ಅಕ್ಕಾ, ನಡಿಯೂದು ಬ್ಯಾಡೇನು ನಿನಗ?”

“ನಡದ್ ಎಲ್ಲಿಗ್ ಹೋಗೂದೈತಿ ನಾ?” ಎಂದು ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆಮೇಲೆ ಅವಳು ಕುರ್ಚಿಯಿಂದ ಏಳುವುದೇ ಅಪರೂಪವಾಯಿತು. ಬೀದಿಯಲ್ಲಿ ಯಾರಾದರೂ ಗೇರ್ ಬದಲಿಸುವಾಗ ಗರಕ್ಕೆನಿಸಿದರೆ ಮಾತ್ರ “ಛೇ” ಎನ್ನುತ್ತಿದ್ದಳು. ಭಾವ ಕಾರು ಹುಡುಕಲು ಹೊರಟದ್ದು ಇಂಥ ಹೊತ್ತಿನಲ್ಲಿ! ಹೆಂಡತಿಯ ಕಾಲಿನ ಚಿಂತೆ ಬಿಟ್ಟು ಟೈರಿನ ಚಿಂತೆ ಮಾಡುವ ಗಂಡನನ್ನು ನೀವು ಕಂಡಿದ್ದೀರಾ? ನನಗೆ ಮೈಯೆಲ್ಲ ಉರಿಯಿತು. ಆದರೂ ಗಲಾಟೆಯಾಗದಂತೆ ನೋಡಿಕೊಳ್ಳಲು ಜೊತೆಗೆ ಹೋದೆ.

ಮೊದಲು ಹೋದದ್ದು ಮಣಿಕೊಂಡ ಬಡಾವಣೆಗೆ. ಸ್ಪೋರ್ಟ್ಸ್ ಕಾರಿನ ಒಡೆಯ ಮಂಗಳೂರಿನ ಕಡೆಯ ಸಾಫ್ಟ್‌ವೇರ್ ಯುವಕ. ಭಾವ ಸೀದಾ ಹೋಗಿ ಎಡಗಡೆ ಕೂತರು.

“ಅಂಕಲ್, ಸ್ಟೀರಿಂಗ್ ಈ ಕಡೆ ಉಂಟು ಮಾರಾಯ್ರೆ.”

“ಗೊತ್ತೈತಪಾ. ನಾ ಇಲ್ಲೇ ಕುಂದ್ರಾಂವ. ಇಂಥಾ ಚಂದದ ಗಾಡಿ ಯಾಕ ಮಾರತಿ?”

“ಆಫೀಸಿಗೆ ಹೋಗುವ ದಾರಿಯಲ್ಲಿ ಎಷ್ಟು ಹಂಪ್ ಉಂಟು ನೋಡಿ! ಎಲ್ಲದಕ್ಕೂ ಇದರ ಹೊಟ್ಟೆ ತಾಗ್ತದೆ. ಕೇಳುವಾಗ ನನ್ನ ಹೊಟ್ಟೆಯೇ ಉರೀತದೆ.”

ಬರುವುದಿಲ್ಲ ಎಂದು ಹಟ ಹಿಡಿದಿದ್ದ ಅಕ್ಕನನ್ನು ಭಾವ “ಬರೇ ನೋಡಾಕ” ಎಂದು ಕರೆತಂದಿದ್ದರು. ಬಾವಿಗೆ ಕೊಡ ಇಳಿಸುವಂತೆ ನಾವು ಅವಳನ್ನು ಸ್ಟೀರಿಂಗ್ ಕಡೆಯ ಸೀಟಿಗೆ ಇಳಿಸಿದೆವು. ನಿಂತ ಗಾಡಿಯಲ್ಲೇ ಅವಳು ಪೆಡಲಿನ ಮೇಲೆ ಎಡಗಾಲು ಇಟ್ಟಳು. ಕ್ಲಚ್ಚು ಬೆಣ್ಣೆಯ ಹಾಗೆ ಕೆಳಗಿಳಿಯಿತು. ಅಕ್ಕನ ಹುಬ್ಬು ಮೇಲೇರಿತು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಒಂದು ಕಳೆ! ಕಷ್ಟ ಬಂದದ್ದು ಏಳುವಾಗ. ಭಾವ ಒಂದು ತೋಳು, ನಾನು ಒಂದು ತೋಳು, ಆ ಯುವಕ ಬೆನ್ನಿಗೆ ದಿಂಬು. ಉಹೂಂ!

“ಬಿಡ್ರೋ, ಊಟ ಇಲ್ಲೇ ತಂದ್ ಕೊಡ್ರಿ,” ಎಂದು ಅಕ್ಕ ಬಿದ್ದುಬಿದ್ದು ನಕ್ಕಳು.

ಮುಂದಿನ ಭಾನುವಾರ ಬಾಲಾನಗರ. ಒಂದು ಲೇತ್ ಶೆಡ್ಡಿನ ಹಿಂದೆ ಸೆಡಾನ್ ನಿಂತಿತ್ತು, ಕಾಕಾನ ಗಾಡಿಯದೇ ಜಾತಿ. ಅದರ ಸೀಟು ನಮ್ಮ ಮನೆಯ ಕುರ್ಚಿಯಷ್ಟೇ ಎತ್ತರ. “ಮೆಲ್ಲಗಾ ಅಮ್ಮಾ,” ಎಂದು ಶೆಡ್ಡಿನ ಮಾಲೀಕ ಬಾಗಿಲು ಹಿಡಿದ. ಅಕ್ಕ ಯಾರ ಕೈಯನ್ನೂ ಮುಟ್ಟದೆ ಕೂತಳು. ಯಾರೂ ಹೇಳದೆಯೇ ಕನ್ನಡಿ ಸರಿಮಾಡಿಕೊಂಡಳು. ಗೇರಿನ ಮೇಲೆ ಅಂಗೈ ಇಟ್ಟಳು.

“ಅದs ವಾಸನಿ ಐತ್ರಿ,” ಎಂದಳು.

ಎಡಗಡೆಯಲ್ಲಿ ಕೂತಿದ್ದ ಭಾವ ಡ್ಯಾಶ್‌ಬೋರ್ಡಿನ ಧೂಳನ್ನು ಅಂಗೈಯಿಂದ ಒರೆಸಿದರು.

ಅಕ್ಕ ಕ್ಲಚ್ ತುಳಿದಳು. ಅರ್ಧಕ್ಕೆ ಹೋಗಿ ಕಾಲು ನಿಂತಿತು. ತುಟಿ ಕಚ್ಚಿ ಇನ್ನೊಮ್ಮೆ ತುಳಿದಳು. ಅಲ್ಲಿಗೇ ನಿಂತಿತು. ಮುಂದಿನ ಗಾಜಿನಾಚೆ ನೋಡಿದಳು. ಅಲ್ಲಿ ಶೆಡ್ಡಿನ ತಗಡಿನ ಗೋಡೆ ಬಿಟ್ಟು ಏನೂ ಇರಲಿಲ್ಲ.

“ಆ ಮಣಿಕೊಂಡದ ಸಣ್ಣ ಗಾಡೀನ ತಗೋರಿ,” ಎಂದು ಸೆರಗು ಸರಿಮಾಡಿಕೊಂಡಳು. “ಇದು ಇನ್ನ ನನ್ನ ಕೈಲೆ ಆಗಾಂಗಿಲ್ಲ.”

ಭಾವ ತಮ್ಮ ಕಡೆಯ ಬಾಗಿಲನ್ನು ಎಳೆದು ಹಾಕಿಕೊಂಡರು. “ಇದನ್ನs ತಗೊಳ್ಳೂಣು.”

ನನಗೆ ತಡೆಯಲಾಗಲಿಲ್ಲ. “ಭಾವಾ, ತಲಿ ಕೆಟ್ಟೈತೇನ್ರಿ? ಆಕಿಗೆ ಕ್ಲಚ್ ತುಳಿಯಾಕs ಆಗವಲ್ದು!”

“ಅದಕ್ಕs ತಗೊಳ್ಳೂದು ಗಡಿಯಾರಪ್ಪ. ಆ ಗಾಡಿ ಇಷ್ಟ ಕಾಲಿದ್ರ ಸಾಕು ಅಂತೈತಿ. ಇದು ಸಾಕು ಅನ್ನಾಂಗಿಲ್ಲ, ಇನ್ನಾ ತುಳಿ ಅಂತೈತಿ.”

“ನಾ ತುಳಿಯೂತನಕ ಗಾಡಿ ತುಕ್ಕ ಹಿಡೀತೈತ್ರಿ,” ಎಂದಳು ಅಕ್ಕ.

“ಹಿಡೀಲಿ. ನಾವೇನ್ ಹಿಡದಿಲ್ಲೇನು?”

ಮುಂಗಡ ಕೊಟ್ಟರು. ಅಕ್ಕ ಕ್ಲಚ್ಚನ್ನು ಪೂರ್ತಿ ತುಳಿದ ದಿನವೇ ಬಂದು ಒಯ್ಯುವುದು, ಅಲ್ಲಿಯವರೆಗೆ ಗಾಡಿ ಶೆಡ್ಡಿನಲ್ಲಿ ಎಂದು ಮಾತಾಯಿತು. ಇಂಥ ಒಪ್ಪಂದವನ್ನು ಯಾವ ಬುದ್ಧಿವಂತ ಮಾಡುತ್ತಾನೆ, ನೀವೇ ಹೇಳಿ! ಸಿಟ್ಟಿನಿಂದ ನಾನು ಒಂದು ವಾರ ತಾರ್ನಾಕದ ಕಡೆ ತಲೆ ಹಾಕಲಿಲ್ಲ.

ಆಮೇಲೊಂದು ಬೆಳಿಗ್ಗೆ, ಹೊಸದಾಗಿ ಬರೆದ ವೇಳಾಪಟ್ಟಿ ಹಿಡಿದು ಹೋದೆ. ಬಾಗಿಲು ಬರೇ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಒಳಗಿನಿಂದ ಭಾವನ ದನಿ ಕೇಳಿಸಿತು.

“ಎಡಕ್ಕ, ಉದ್ದಂದು. ಮೋರಿ. ಈಗ ಬಲಕ್ಕ ಚೂಪು, ಕ್ಲಚ್ ತುಳಿ ಡ್ರೈವರ್ ಸಾಬ್, ಇನ್ನಾ, ಇನ್ನಾ... ಬಿಡು!”

ಮೆಲ್ಲಗೆ ಬಾಗಿಲು ತಳ್ಳಿದೆ. ಗೋಡೆಗೆ ಒತ್ತಿ ಒಂದು ದಪ್ಪ ಲೋಡುದಿಂಬು ಇಟ್ಟಿದ್ದರು. ಅದರ ಎದುರು ಎರಡು ಬೆತ್ತದ ಕುರ್ಚಿಗಳು. ಬಲಗಡೆ ಕುರ್ಚಿಯಲ್ಲಿ ಅಕ್ಕ, ಎಡಗಾಲಿನಿಂದ ಲೋಡನ್ನು ಒತ್ತುತ್ತಿದ್ದಾಳೆ. ಹಣೆಯ ಮೇಲೆ ಬೆವರು. ಕೈಯಲ್ಲಿ ರೊಟ್ಟಿ ಬಡಿಯುವ ದುಂಡನೆಯ ತಟ್ಟೆ, ಅದೇ ಸ್ಟೀರಿಂಗ್! ಎಡಗಡೆ ಭಾವ, ಕಣ್ಣು ಮುಚ್ಚಿಕೊಂಡು, ಆ ಹಳೆಯ ರ‍್ಯಾಲಿಯ ದಾರಿಯನ್ನು ತಿರುವು ತಿರುವಾಗಿ ನೆನೆದು ಹೇಳುತ್ತಿದ್ದಾರೆ. ಅವರಿಬ್ಬರ ಹಿಂದೆ ಇನ್ನೊಂದು ಕುರ್ಚಿ ಖಾಲಿ ಇತ್ತು.

“ಗಡಿಯಾರ ಬಂತೇನು? ಹಿಂದ ಕುಂದ್ರು ಬಾ. ಘಾಟದ ದಾರಿ ಸುರು ಆಗೇತಿ,” ಎಂದರು ಭಾವ, ಕಣ್ಣು ತೆರೆಯದೆ.

“ಇದು ಯಾರಿಗೆ ಇಟ್ಟಿದ್ರಿ ಭಾವಾ?”

“ನಿನಗs. ಆ ಸಣ್ಣ ಗಾಡ್ಯಾಗ ಎರಡs ಸೀಟಿದ್ದುವಲ್ಲೋ ತಮ್ಮಾ. ನಿನ್ನ ಎಲ್ಲಿ ಬಿಟ್ಟ್ ಹೋಗೂದು?”

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ತಮ್ಮಾ ಎಂದದ್ದು ನನಗೆ ನೆನಪಿಲ್ಲ. ವೇಳಾಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿ ಹಿಂದಿನ ಕುರ್ಚಿಯಲ್ಲಿ ಕೂತೆ. ಅಕ್ಕ ತಿರುಗಿ ನೋಡಲಿಲ್ಲ. ಅವಳ ಕಣ್ಣು ದಾರಿಯ ಮೇಲಿತ್ತು.

“ಬಲಕ್ಕ ಚೂಪು!” ಎಂದು ಭಾವ ಕೂಗಿದರು.

ಅಕ್ಕ ತಟ್ಟೆ ತಿರುಗಿಸಿದಳು. ಮೂವರೂ ಎಡಕ್ಕೆ ವಾಲಿದೆವು.